ಟರ್ಕಿಯ ಹಿಂದೆ ಓಡಬೇಡಿ

ಕೋಳಿ ಹಿಡಿಯುವುದನ್ನೂ ಕಲಿಯಬೇಕೇ ಎಂದು ನೀವು ನಗಬಹುದು. ಊರ ಕೋಳಿಯಾದರೆ ಸಂಜೆ ಗೂಡಿಗೆ ಬಂದಾಗ ಕೈ ಹಾಕಿದರೆ ಮುಗಿಯಿತು. ತಪ್ಪಿಸಿಕೊಂಡರೆ ಮಕ್ಕಳಿಬ್ಬರು ಅಂಗಳಕ್ಕೆ ನಾಲ್ಕು ಸುತ್ತು ಬಂದರೆ ಬೇಲಿಯ ಬುಡದಲ್ಲಿ ಎಲ್ಲಾದರೂ ಸಿಕ್ಕಿಬೀಳುತ್ತದೆ. ಆದರೆ ನಿಮ್ಮ ಹಿತ್ತಿಲಲ್ಲಿರುವುದು ಟರ್ಕಿ ಕೋಳಿಯಾದರೆ ಈ ಲೆಕ್ಕ ನಡೆಯದು. ಬೆಳೆದ ಟರ್ಕಿ ಹುಂಜ ಏಳೆಂಟು ಕಿಲೋ ತೂಗುತ್ತದೆ. ಅದರ ರೆಕ್ಕೆಯ ಒಂದು ಏಟು ಮುಖಕ್ಕೆ ಬಿದ್ದರೆ ಕನ್ನಡಕ ಒಡೆಯಬಹುದು, ತುಟಿ ಸೀಳಬಹುದು. ಕಾಲಿನ ಹಿಂಭಾಗದ ಮುಳ್ಳು ಮುಂಗೈಯನ್ನು ಉದ್ದಕ್ಕೂ ಗೀರಿಬಿಡುತ್ತದೆ.

ಇದು ಹಿಡಿಯುವವರ ಪಾಡು. ಹಕ್ಕಿಯ ಪಾಡು ಇದಕ್ಕಿಂತಲೂ ಕೆಟ್ಟದು. ಬಿಸಿಲಿನಲ್ಲಿ ಅಟ್ಟಿಸಿಕೊಂಡು ಓಡಿದ ಟರ್ಕಿ ಬಾಯಿ ತೆರೆದು ಏದುಸಿರು ಬಿಡುತ್ತದೆ. ಹಕ್ಕಿಗಳಿಗೆ ನಮ್ಮ ಹಾಗೆ ಬೆವರುವ ವ್ಯವಸ್ಥೆ ಇಲ್ಲ. ಮೈಯ ಬಿಸಿಯನ್ನು ಮುಖ್ಯವಾಗಿ ಉಸಿರಾಟದ ಮೂಲಕವೇ ಹೊರಹಾಕಬೇಕು. ಅದು ಸಾಧ್ಯವಾಗದಿದ್ದರೆ ಹಿಡಿದವರ ಕೈಯಲ್ಲೇ ಪ್ರಾಣ ಬಿಡುವುದುಂಟು. ಆರೇಳು ತಿಂಗಳು ಕಾಳು ಹಾಕಿ, ಸೊಪ್ಪು ಹಾಕಿ, ಮಳೆಯಲ್ಲಿ ಗೂಡಿಗೆ ಟಾರ್ಪಾಲು ಹೊದಿಸಿ ಸಾಕಿದ ಹಕ್ಕಿ. ಹಬ್ಬದ ಮುಂಜಾನೆ ಐದು ನಿಮಿಷದ ಓಟದಲ್ಲಿ ಸತ್ತುಬಿದ್ದರೆ ಅದನ್ನು ನೀವು ತಿನ್ನುವಂತಿಲ್ಲ, ಮಾರುವಂತಿಲ್ಲ. ಝಬಹ್ ಆಗುವ ಮೊದಲೇ ಸತ್ತದ್ದು ನಮಗೆ ಹರಾಮ್. ಗುಂಡಿ ತೋಡಿ ಹೂಳುವುದೊಂದೇ ದಾರಿ. ಹಲಾಲ್ ಆಹಾರದ ಬಗ್ಗೆ ಮಾತನಾಡುವಾಗ ನಾವೆಲ್ಲ ಚೂರಿಯಿಂದ ಮಾತು ಆರಂಭಿಸುತ್ತೇವೆ. ನಿಜವಾಗಿ ಅದು ಹಿಂದಿನ ರಾತ್ರಿಯೇ, ಹಕ್ಕಿಯನ್ನು ಹಿಡಿಯುವ ಕೈಯಿಂದಲೇ ಆರಂಭವಾಗಬೇಕು.

ಹಳೆಯ ತಳಿಯ ಹಕ್ಕಿ

ಟರ್ಕಿ ಎಂದರೆ ಎಲ್ಲವೂ ಒಂದೇ ಅಲ್ಲ. ಇಂದು ಅಮೆರಿಕ, ಯುರೋಪಿನ ದೊಡ್ಡ ಫಾರ್ಮ್‌ಗಳಲ್ಲಿ ಬೆಳೆಸುವುದು ಅಗಲ ಎದೆಯ ಬಿಳಿ ಟರ್ಕಿಯನ್ನು. ಎದೆಯ ಮಾಂಸ ಹೆಚ್ಚಾಗಲೆಂದು ತಳಿ ತಿದ್ದಿ ತಿದ್ದಿ ಅದರ ಎದೆ ಎಷ್ಟು ಭಾರವಾಗಿದೆಯೆಂದರೆ, ಆ ಹುಂಜಗಳು ಸಹಜವಾಗಿ ಹೇಂಟೆಯೊಂದಿಗೆ ಕೂಡಲಾರವು. ಮೊಟ್ಟೆಯಲ್ಲಿ ಮರಿ ಕಟ್ಟಬೇಕಾದರೆ ಮನುಷ್ಯರೇ ಕೃತಕ ಗರ್ಭಧಾರಣೆ ಮಾಡಬೇಕು. ಪೂರ್ತಿ ಬೆಳೆದ ಮೇಲೆ ಹಾರುವ ಮಾತೇ ಇಲ್ಲ. ಇಂತಹ ಹಕ್ಕಿಯನ್ನು ಹಿಡಿಯುವುದು ಅಷ್ಟೇನೂ ಕಷ್ಟವಲ್ಲ.

ಅದಕ್ಕಿಂತ ಮೊದಲು ರೈತರ ಮನೆಯಂಗಳದಲ್ಲಿದ್ದ ಬ್ರಾಂಝ್, ಬೋರ್ಬನ್ ರೆಡ್, ನರಗಾನ್ಸೆಟ್, ಸ್ಲೇಟ್, ರಾಯಲ್ ಪಾಮ್ ಮೊದಲಾದ ತಳಿಗಳನ್ನು ಅಲ್ಲಿ ಈಗ ಪರಂಪರೆಯ ತಳಿಗಳು ಎಂದು ಕರೆಯುತ್ತಾರೆ. ಇವು ತಾವಾಗಿ ಮರಿ ಮಾಡುತ್ತವೆ, ನಿಧಾನವಾಗಿ ಬೆಳೆಯುತ್ತವೆ. ಮೇಜಿಗೆ ಬರುವಷ್ಟು ಮೈತುಂಬಲು ಸುಮಾರು 28 ವಾರ ಬೇಕು. ಹೇಂಟೆ ಐದರಿಂದ ಏಳು ವರ್ಷ ಮೊಟ್ಟೆಯಿಟ್ಟು ಮರಿ ಮಾಡಬಲ್ಲದು. ಒಂದು ಕಾಲದಲ್ಲಿ ಇವು ಇನ್ನೇನು ಅಳಿದೇ ಹೋದವು ಎಂಬ ಸ್ಥಿತಿ ಬಂದಿತ್ತು. 1997ರಲ್ಲಿ ಅಲ್ಲಿನ ಜಾನುವಾರು ತಳಿ ಸಂರಕ್ಷಣಾ ಸಂಸ್ಥೆ ಲೆಕ್ಕ ಹಾಕಿದಾಗ, ಮರಿ ಮಾಡಿಸಲೆಂದು ಇಟ್ಟುಕೊಂಡ ಇಂತಹ ಹಕ್ಕಿಗಳು ಇಡೀ ಅಮೆರಿಕದಲ್ಲಿ ಸಿಕ್ಕಿದ್ದು 1,335 ಮಾತ್ರ. ಸಣ್ಣ ರೈತರು ಮತ್ತೆ ಸಾಕಲಾರಂಭಿಸಿದ್ದರಿಂದ 2006ರ ಹೊತ್ತಿಗೆ ಅದು ಹತ್ತು ಸಾವಿರ ದಾಟಿತು.

ನಮ್ಮ ಕರಾವಳಿಯ ತೋಟದ ಮನೆಗಳಲ್ಲಿ ಅಲ್ಲಲ್ಲಿ ಕಾಣುವ ಕಪ್ಪು, ಕಂದು, ಬೂದು ಬಣ್ಣದ ಟರ್ಕಿಗಳಿಗೆ ಯಾರೂ ಇಂತಹ ಹೆಸರು ಕೊಟ್ಟಿಲ್ಲ. ಆದರೆ ಅವುಗಳ ಗುಣವೆಲ್ಲ ಈ ಹಳೆಯ ತಳಿಗಳದ್ದೇ. ಅವು ಹಾರುತ್ತವೆ, ಓಡುತ್ತವೆ, ಹಲಸಿನ ಮರದ ಕೊಂಬೆಯೇರಿ ಮಲಗುತ್ತವೆ, ಪೊದೆಯ ಮರೆಯಲ್ಲಿ ಕದ್ದು ಮೊಟ್ಟೆಯಿಟ್ಟು 28 ದಿನ ಕಾವು ಕೂರುತ್ತವೆ. ತಮಿಳುನಾಡಿನಲ್ಲಿ ಬೆಳೆಸಿದ ನಂದನಂ ಟರ್ಕಿ-1 ಎಂಬ ತಳಿಯಲ್ಲೂ ಅರ್ಧ ರಕ್ತ ಈ ಊರಿನ ಕಪ್ಪು ಟರ್ಕಿಯದ್ದೇ. ಇನ್ನರ್ಧ ಅಮೆರಿಕದ ಬೆಲ್ಟ್ಸ್‌ವಿಲ್ ಎಂಬಲ್ಲಿ ಸಣ್ಣ ಕುಟುಂಬಗಳಿಗಾಗಿ ರೂಪಿಸಿದ ಸಣ್ಣ ಬಿಳಿ ಟರ್ಕಿಯದ್ದು.

ಈ ಹಕ್ಕಿಯ ಮೂಲ ಮೆಕ್ಸಿಕೋ. ನಮ್ಮಲ್ಲಿಗೆ ಬಂದ ಕಥೆ ಮಾತ್ರ ಸ್ವಾರಸ್ಯದ್ದು. 1612ರಲ್ಲಿ ಮೊಗಲ್ ದೊರೆ ಜಹಾಂಗೀರನ ಅಪ್ಪಣೆಯಂತೆ ಗೋವೆಗೆ ಹೋದ ಮುಕರ್ರಬ್ ಖಾನ್ ಪೋರ್ಚುಗೀಸರಿಂದ ಕೊಂಡು ತಂದ ಅಪರೂಪದ ವಸ್ತುಗಳಲ್ಲಿ ಟರ್ಕಿ ಹುಂಜವೂ ಒಂದು. ಕ್ಷಣಕ್ಷಣಕ್ಕೆ ಬಣ್ಣ ಬದಲಿಸುವ ಅದರ ತಲೆ ಮತ್ತು ಕೊರಳು, ಆನೆಯ ಸೊಂಡಿಲಿನಂತೆ ಜೋತುಬೀಳುವ ಕೊಕ್ಕಿನ ಮೇಲಿನ ಮಾಂಸದ ಎಳೆ, ಇವನ್ನೆಲ್ಲ ದೊರೆ ತನ್ನ ಆತ್ಮಕಥೆಯಲ್ಲಿ ಬೆರಗಿನಿಂದ ವರ್ಣಿಸಿದ್ದಾನೆ. ಆಸ್ಥಾನದ ಚಿತ್ರಕಾರ ಉಸ್ತಾದ್ ಮನ್ಸೂರ್ ಬರೆದ ಅದರ ಚಿತ್ರ ಇಂದಿಗೂ ಲಂಡನಿನ ವಿಕ್ಟೋರಿಯಾ ಆಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ಹೆಸರಿನ ಗೊಂದಲವಂತೂ ಕೇಳಲೇಬೇಡಿ. ಇಂಗ್ಲಿಷರು ಇದನ್ನು ತುರ್ಕಿ ದೇಶದ್ದೆಂದುಕೊಂಡರು, ಅರಬರು ರೂಮಿ ಹುಂಜ ಎಂದರು, ತುರ್ಕಿಯವರು ‘ಹಿಂದಿ’ ಎಂದು ನಮ್ಮ ತಲೆಗೆ ಕಟ್ಟಿದರು. ಡಚ್ಚರು ಕರೆಯುವ ‘ಕಲ್ಕೂನ್’ ಎಂಬ ಹೆಸರು ಹುಟ್ಟಿದ್ದು ನಮ್ಮ ಪಕ್ಕದ ಕಲ್ಲಿಕೋಟೆಯಿಂದ! ಪಾಪ, ಎಲ್ಲೂ ಸ್ವಂತ ಊರಿನ ಹೆಸರಿಲ್ಲದ ಹಕ್ಕಿ.

ತಿನ್ನಬಹುದೇ ಎಂಬ ಸಂದೇಹ ಕೆಲವರಿಗೆ ಇರುತ್ತದೆ. ನಿಷಿದ್ಧವಾಗಿರುವುದು ಉಗುರುಗಳಿಂದ ಬೇಟೆಯಾಡುವ ಹಕ್ಕಿಗಳು. ಟರ್ಕಿ ಕಾಳು, ಸೊಪ್ಪು, ಹುಳಹುಪ್ಪಟೆ ತಿಂದು ಬದುಕುವಂಥದ್ದು, ಕೋಳಿಯ ಹಾಗೆಯೇ. ಪ್ರವಾದಿ(ಸ)ಯವರು ಕೋಳಿಮಾಂಸ ತಿನ್ನುವುದನ್ನು ಕಂಡಿದ್ದಾಗಿ ಅಬೂ ಮೂಸಾ ಅಶ್‌ಅರಿ(ರ) ತಿಳಿಸಿದ ಹದೀಸ್ ಬುಖಾರಿಯಲ್ಲಿದೆ.

ಓಡಿಸಿದಾಗ ಏನಾಗುತ್ತದೆ?

ಟರ್ಕಿಯ ಕಣ್ಣು ತಲೆಯ ಎರಡು ಪಕ್ಕಗಳಲ್ಲಿವೆ. ನೀವು ಹಿಂದಿನಿಂದ ಹೆಜ್ಜೆಯ ಸದ್ದಾಗದಂತೆ ಬಂದರೂ ಅದಕ್ಕೆ ಕಾಣುತ್ತದೆ. ಮೊದಲು ಕತ್ತು ನೀಳವಾಗುತ್ತದೆ, ಆಮೇಲೆ ಚುರುಕು ನಡಿಗೆ, ಆಮೇಲೆ ಓಟ, ಕೊನೆಗೆ ಹಾರಾಟ. ಕತ್ತು ನೀಳವಾಗಿ ನಡಿಗೆ ಚುರುಕಾದ ಹೊತ್ತಿಗೇ ನೀವು ನಿಂತುಬಿಡಬೇಕು. ನಿಂತರೆ ಅದೂ ನಿಲ್ಲುತ್ತದೆ. ಓಟಕ್ಕೆ ಬಿದ್ದ ಮೇಲೆ ಆ ದಿನದ ಮಟ್ಟಿಗೆ ಅದನ್ನು ಮರೆಯುವುದು ಉತ್ತಮ. ಮಾಡಿನ ಹಂಚಿನ ಮೇಲೆ ಹೋಗಿ ಕುಳಿತ ಹಕ್ಕಿಗೆ ಕಲ್ಲು ಹೊಡೆದು ಹಂಚು ಒಡೆದುಕೊಂಡವರಿದ್ದಾರೆ.

ಗುಂಪಿನಲ್ಲಿರುವ ಹಕ್ಕಿಗಳನ್ನು ಹೆದರಿಸಿದರೆ ಇನ್ನೊಂದು ಅಪಾಯವಿದೆ. ಅವೆಲ್ಲ ಒಂದೇ ಮೂಲೆಗೆ ನುಗ್ಗಿ ಒಂದರ ಮೇಲೊಂದು ಬೀಳುತ್ತವೆ. ಅಡಿಯಲ್ಲಿದ್ದವು ಉಸಿರುಗಟ್ಟಿ ಸಾಯುತ್ತವೆ. ಮರಿಗಳಲ್ಲಂತೂ ಇದು ಬಹಳ. ಗೂಡಿನ ಮೂಲೆಗಳಿಗೆ ಒಂದು ತಗಡನ್ನೋ ಬಿದಿರಿನ ತಟ್ಟಿಯನ್ನೋ ಬಾಗಿಸಿ ಕಟ್ಟಿ ಮೂಲೆಯನ್ನು ದುಂಡಗೆ ಮಾಡಿದರೆ ಈ ರಾಶಿ ಬೀಳುವುದು ತಪ್ಪುತ್ತದೆ. ಖರ್ಚಿಲ್ಲದ ಉಪಾಯ.

ಅಂಗಳದಲ್ಲಿ ಟರ್ಕಿಯನ್ನು ಅಟ್ಟಾಡಿಸುವುದು ಮಕ್ಕಳಿಗೆ ಆಟ. ನೋಡುವ ದೊಡ್ಡವರಿಗೂ ನಗು. ಈ ನಗುವಿನ ಮುಂದೆ ಒಂದು ಘಟನೆಯನ್ನು ನೆನಪಿಸಬೇಕಾಗಿದೆ. ಕೋಳಿಯೊಂದನ್ನು ಕಟ್ಟಿಹಾಕಿ ಅದನ್ನೇ ಗುರಿಯಾಗಿಟ್ಟು ಬಾಣ ಬಿಡುತ್ತಿದ್ದ ಹುಡುಗರ ಬಳಿ ಅಬ್ದುಲ್ಲಾಹ್ ಬಿನ್ ಉಮರ್(ರ) ಹಾದುಹೋದರು. ಅವರನ್ನು ಕಂಡು ಹುಡುಗರು ಚದುರಿದರು. ಇದನ್ನು ಮಾಡಿದವರು ಯಾರೆಂದು ಕೇಳಿದ ಇಬ್ನು ಉಮರ್(ರ), ಇಂತಹ ಕೃತ್ಯ ಎಸಗುವವರನ್ನು ಪ್ರವಾದಿ(ಸ) ಶಪಿಸಿದ್ದಾರೆ ಎಂದು ಹೇಳಿದರು. ನಮ್ಮ ಮಕ್ಕಳು ಬಾಣ ಬಿಡುವುದಿಲ್ಲ ನಿಜ. ಆದರೆ ಜೀವ ಇರುವುದನ್ನು ಮೋಜಿಗಾಗಿ ಓಡಿಸುವುದು ಅದೇ ದಾರಿಯ ಮೊದಲ ಹೆಜ್ಜೆಯಲ್ಲವೇ? ಅವರನ್ನು ಬೈದು ಒಳಗೆ ಕಳುಹಿಸುವುದಕ್ಕಿಂತ ಕೈಗೊಂದು ಟಾರ್ಚ್ ಕೊಟ್ಟು ರಾತ್ರಿಯ ಕೆಲಸಕ್ಕೆ ಜೊತೆಗೆ ಕರೆದುಕೊಳ್ಳಿ. ಹಕ್ಕಿ ಹಿಡಿಯುವ ಸರಿಯಾದ ಕ್ರಮವನ್ನು ಮಕ್ಕಳು ಕಲಿಯುವುದು ಹಾಗೆಯೇ.

ಕತ್ತಲೆಯೇ ಬಲೆ

ರಾತ್ರಿಯ ಕೆಲಸ ಎಂದದ್ದು ಏಕೆಂದರೆ, ಟರ್ಕಿಗೆ ಹಗಲು ಎಷ್ಟು ಚೆನ್ನಾಗಿ ಕಾಣುತ್ತದೆಯೋ ರಾತ್ರಿ ಅಷ್ಟೇ ಕಡಿಮೆ ಕಾಣುತ್ತದೆ. ಕತ್ತಲಾದ ಮೇಲೆ ಕುಳಿತಲ್ಲಿಂದ ಕದಲಲು ಅದು ಹೆದರುತ್ತದೆ. ಮಗ್ರಿಬ್ ಆಗಿ ಒಂದು ಗಂಟೆ ಕಳೆದ ಮೇಲೆ ಹೋಗಿ ನೋಡಿ. ಹಗಲು ಹತ್ತಡಿ ಹತ್ತಿರ ಬರಗೊಡದ ಹುಂಜ ಕಲ್ಲಿನ ಗೊಂಬೆಯಂತೆ ಕುಳಿತಿರುತ್ತದೆ.

ಆದರೆ ಅದು ಕುಳಿತಿರುವುದು ನಿಮ್ಮ ಕೈಗೆಟಕುವ ಜಾಗದಲ್ಲಿರಬೇಕಲ್ಲ! ಹಲಸಿನ ಮರದ ತುದಿಯಲ್ಲಿ ಕುಳಿತ ಹಕ್ಕಿಯನ್ನು ಇಳಿಸಲು ಏಣಿ ಹಾಕಿಕೊಂಡು ಕತ್ತಲಲ್ಲಿ ಮರ ಹತ್ತುವುದು ಬೇಡವೇ ಬೇಡ. ಹಾಗಾಗಿ ಹಿಡಿಯುವ ಕೆಲಸ ವಾರಕ್ಕೆ ಮೊದಲೇ ಶುರುವಾಗುತ್ತದೆ. ಗೂಡಿನೊಳಗೆ ನೆಲದಿಂದ ಎರಡೂವರೆ, ಮೂರು ಅಡಿ ಎತ್ತರದಲ್ಲಿ ದಪ್ಪ ಕೋಲನ್ನು ಅಡ್ಡಲಾಗಿ ಕಟ್ಟಿ. ಹಕ್ಕಿಗೆ ಎತ್ತರದಲ್ಲಿ ಕೂರುವ ಆಸೆ ಅಷ್ಟರಲ್ಲೇ ತೀರುತ್ತದೆ. ಸಂಜೆಯ ಕಾಳನ್ನು ಪ್ರತಿದಿನ ಅದೇ ಹೊತ್ತಿಗೆ, ಅದೇ ಪಾತ್ರೆ ಬಡಿದು, ಅದೇ ದನಿಯಲ್ಲಿ ಕರೆದು ಗೂಡಿನ ಒಳಗೇ ಹಾಕಿ. ಮುಷ್ಟಿ ಒಡೆದ ಜೋಳ, ಒಂದಿಷ್ಟು ನುಗ್ಗೆ ಸೊಪ್ಪು ಸಾಕು. ಟರ್ಕಿಗೆ ಸೊಪ್ಪೆಂದರೆ ಬಹಳ ಪ್ರೀತಿ. ನಾಲ್ಕೈದು ದಿನಗಳಲ್ಲಿ ಪಾತ್ರೆಯ ಸದ್ದಿಗೆ ತಾವಾಗಿ ಒಳಗೆ ಬರುತ್ತವೆ. ನೀವು ಬಾಗಿಲು ಹಾಕಿದರಾಯಿತು.

ಹಗಲಿನಲ್ಲೇ ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸಬೇಕಾದರೆ ಹಿಡಿಯುವ ಅಗತ್ಯವೇ ಇಲ್ಲ. ಟರ್ಕಿಯನ್ನು ಕುರಿಯಂತೆ ಅಟ್ಟಿಕೊಂಡು ಹೋಗಬಹುದು. ಎರಡು ಕೈಗೂ ಒಂದೊಂದು ಉದ್ದನೆಯ ಕೋಲು ಹಿಡಿದು, ಕೈ ಅಗಲಿಸಿ, ಅವುಗಳ ಹಿಂದೆ ನಿಧಾನವಾಗಿ ನಡೆಯಿರಿ. ಕೋಲು ಹೊಡೆಯುವುದಕ್ಕಲ್ಲ, ನಿಮ್ಮ ತೋಳನ್ನು ಉದ್ದ ಮಾಡುವುದಕ್ಕೆ. ಬಲಗಡೆ ಕೋಲು ಚಾಚಿದರೆ ಅವು ಎಡಕ್ಕೆ ತಿರುಗುತ್ತವೆ. ಒಬ್ಬಳೇ ಹೆಂಗಸು ಹದಿನೈದು ಇಪ್ಪತ್ತು ಹಕ್ಕಿಗಳನ್ನು ಹೀಗೆ ತೋಟದಿಂದ ಗೂಡಿಗೆ ತರಬಹುದು. ಅವಸರ ಮಾಡದಿದ್ದರೆ ಮಾತ್ರ.

ಹಗಲಿನಲ್ಲೇ ಹಿಡಿಯಲೇಬೇಕಾದ ಪ್ರಸಂಗವೂ ಬರುತ್ತದೆ. ಆಗ ಹೀಗೆ ಅಟ್ಟಿಕೊಂಡು ಬಂದು ಗೂಡಿಗೆ ಸೇರಿಸಿ, ಬೆಳಕು ಬರುವ ಕಡೆಗೆಲ್ಲ ಗೋಣಿ, ಹಳೆಯ ಕಂಬಳಿ ಇಳಿಬಿಟ್ಟು ಕತ್ತಲೆ ಮಾಡಿ. ಹತ್ತು ನಿಮಿಷ ಸುಮ್ಮನಿರಿ. ಅಷ್ಟರಲ್ಲಿ ಅವು ಶಾಂತವಾಗುತ್ತವೆ.

ಕೈ ಎಲ್ಲಿಡಬೇಕು?

ಮೊದಲು ನಿಮ್ಮನ್ನು ನೀವು ಸಜ್ಜುಗೊಳಿಸಿಕೊಳ್ಳಿ. ಗಾಜಿನ ಬಳೆ, ಜೋತಾಡುವ ಕಿವಿಯೋಲೆ, ಕತ್ತಿನ ಸರ ತೆಗೆದಿಡಿ. ಹೊಳೆಯುವುದನ್ನು ಕಂಡರೆ ಕುಕ್ಕುವುದು ಟರ್ಕಿಯ ಗುಣ, ಗುಂಡಿಯನ್ನೂ ಬಿಡುವುದಿಲ್ಲ. ದುಪಟ್ಟಾ, ಸೆರಗು ಬೀಸಾಡಿದರೆ ಗಿಡುಗ ಎರಗಿತೆಂದು ಹಕ್ಕಿ ಬೆಚ್ಚುತ್ತದೆ. ಅದನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿಕೊಳ್ಳಿ. ಮೊಣಕೈಯವರೆಗೆ ಮುಚ್ಚುವ ದಪ್ಪ ತೋಳಿನ ಹಳೆಯ ಅಂಗಿ ಇದ್ದರೆ ಗೀರುಗಳಿಂದ ಪಾರಾಗುತ್ತೀರಿ. ಟಾರ್ಚನ್ನು ನೇರವಾಗಿ ಕಣ್ಣಿಗೆ ಬಿಡದೆ ನೆಲಕ್ಕೆ ಬಿಡಿ. ಗಾಜಿನ ಮೇಲೆ ಕೆಂಪು ಬಟ್ಟೆ ಕಟ್ಟಿಕೊಂಡರೆ ಇನ್ನೂ ಒಳ್ಳೆಯದು.

ಹತ್ತಿರ ಹೋಗುವಾಗ ಮೆಲ್ಲನೆ ಮಾತನಾಡುತ್ತಾ ಹೋಗಿ. ದಿನವೂ ಕಾಳು ಹಾಕುವವರ ದನಿ ಅದಕ್ಕೆ ಗೊತ್ತು. ಪಕ್ಕದಿಂದ ಬನ್ನಿ, ಮೇಲಿನಿಂದ ಕೈ ಎರಗಿಸಬೇಡಿ. ನಿಮ್ಮ ಒಂದು ತೋಳು ಅದರ ಬೆನ್ನಿನ ಮೇಲಿನಿಂದ ಹೋಗಿ ಎರಡೂ ರೆಕ್ಕೆಗಳನ್ನು ಮೈಗೆ ಒತ್ತಿ ಹಿಡಿಯಬೇಕು. ಅದೇ ಕ್ಷಣ ಇನ್ನೊಂದು ಕೈ ಹೊಟ್ಟೆಯ ಅಡಿಯಿಂದ ಹೋಗಿ ಎರಡೂ ಕಾಲುಗಳನ್ನು ಒಟ್ಟಿಗೆ ಹಿಡಿಯಬೇಕು. ಎರಡು ಕಾಲುಗಳ ನಡುವೆ ನಿಮ್ಮ ಒಂದು ಬೆರಳು ಇರಲಿ, ಇಲ್ಲವಾದರೆ ಮೂಳೆಗೆ ಮೂಳೆ ಉಜ್ಜಿ ನೋಯುತ್ತದೆ. ಎತ್ತಿದ ಕೂಡಲೇ ಹಕ್ಕಿಯನ್ನು ನಿಮ್ಮ ಪಕ್ಕೆಗೆ ಒರಗಿಸಿಕೊಳ್ಳಿ. ತಲೆ ನಿಮ್ಮ ಬೆನ್ನ ಹಿಂದಕ್ಕೆ, ಕಾಲು ಮುಂದಕ್ಕೆ. ಹೀಗಿದ್ದರೆ ಕೊಕ್ಕು ಮುಖಕ್ಕೆ ಬರುವುದಿಲ್ಲ, ರೆಕ್ಕೆ ಬಿಚ್ಚಲು ಜಾಗವಿರುವುದಿಲ್ಲ. ಮಗುವನ್ನು ಸೊಂಟದಲ್ಲಿ ಎತ್ತಿಕೊಂಡು ರೂಢಿಯಿರುವ ನಿಮಗೆ ಇದು ಗಂಡಸರಿಗಿಂತ ಬೇಗ ಒಗ್ಗುತ್ತದೆ ಎಂಬುದು ನನ್ನ ಅಭಿಪ್ರಾಯ. ತಲೆಯ ಮೇಲೆ ತೆಳುವಾದ ಬಟ್ಟೆಯೊಂದನ್ನು ಸಡಿಲವಾಗಿ ಹೊದಿಸಿದರೆ ಒದ್ದಾಟ ಇನ್ನೂ ಕಡಿಮೆಯಾಗುತ್ತದೆ.

ಬಿಗಿಯಾಗಿ ಹಿಡಿಯಬೇಕು, ಆದರೆ ಎದೆಯನ್ನು ಹಿಂಡಬಾರದು. ಇದು ಬಹಳ ಮುಖ್ಯ. ನಮಗೆ ಎದೆ ಮತ್ತು ಹೊಟ್ಟೆಯ ನಡುವೆ ಉಸಿರಾಟಕ್ಕೆ ನೆರವಾಗುವ ಪರದೆಯಂತಹ ಸ್ನಾಯುವಿದೆ. ಹಕ್ಕಿಗಳಿಗೆ ಅದಿಲ್ಲ. ಎದೆಯ ಮೂಳೆಯೇ ಮುಂದೆ ಹಿಂದೆ ಆಡಿ ಗಾಳಿಯನ್ನು ಒಳಗೆ ಎಳೆಯಬೇಕು. ನೀವು ಪ್ರೀತಿಯಿಂದಲೇ ಅಪ್ಪಿ ಹಿಡಿದರೂ ಆ ಮೂಳೆ ಆಡದಿದ್ದರೆ ಉಸಿರು ನಿಲ್ಲುತ್ತದೆ. ತಲೆಕೆಳಗಾಗಿ ನೇತು ಹಿಡಿಯುವುದೂ ಇದೇ ಕಾರಣಕ್ಕೆ ಕೆಟ್ಟದು. ಹೊಟ್ಟೆಯೊಳಗಿನ ಭಾರವೆಲ್ಲ ಉಸಿರಿನ ಚೀಲಗಳ ಮೇಲೆ ಬೀಳುತ್ತದೆ. ಬೆಳೆದ ಟರ್ಕಿಯನ್ನು ಮೂರು ನಾಲ್ಕು ನಿಮಿಷಕ್ಕಿಂತ ಹೆಚ್ಚು ಹಾಗೆ ನೇತುಹಾಕಬಾರದೆಂದು ಕೋಳಿ ಸಾಕಣೆಯ ಕೈಪಿಡಿಗಳೇ ಎಚ್ಚರಿಸುತ್ತವೆ. ನೇತುಹಾಕದೇ ಇರುವುದು ಅದಕ್ಕಿಂತ ಒಳ್ಳೆಯದು. ನಮ್ಮ ಪೇಟೆಗಳಲ್ಲಿ ನಾಲ್ಕೈದು ಕೋಳಿಗಳನ್ನು ಕಾಲು ಕಟ್ಟಿ ಸೈಕಲ್ ಹ್ಯಾಂಡಲ್‌ಗೆ ತೂಗಿಸಿಕೊಂಡು ಹೋಗುವ ದೃಶ್ಯ ನಮಗೆ ಎಷ್ಟು ರೂಢಿಯಾಗಿದೆಯೆಂದರೆ, ಅದು ತಪ್ಪೆಂದು ಹೇಳಿದರೆ ಜನ ಹುಬ್ಬೇರಿಸುತ್ತಾರೆ.

ಒಂದೇ ಕಾಲು ಹಿಡಿದು ಎಳೆದರೆ ತೊಡೆಯ ಕೀಲು ತಪ್ಪುತ್ತದೆ. ಒಂದೇ ರೆಕ್ಕೆ ಹಿಡಿದರೆ ರೆಕ್ಕೆ ಮುರಿಯುತ್ತದೆ. ಬಾಲಕ್ಕೆ ಕೈ ಹಾಕಿದರೆ ನಿಮ್ಮ ಕೈಯಲ್ಲಿ ಒಂದು ಹಿಡಿ ಗರಿ ಉಳಿಯುತ್ತದೆ, ಹಕ್ಕಿ ಬೇಲಿಯಾಚೆ ಇರುತ್ತದೆ. ಕೊರಳಿನ ಬಗ್ಗೆ ಹೇಳಬೇಕಾಗಿಯೇ ಇಲ್ಲ. ಒರಟಾಗಿ ಹಿಡಿದ ಹಕ್ಕಿಯ ಮೈಯಲ್ಲಿ ಪೆಟ್ಟು ಬಿದ್ದ ಕಡೆ ಚರ್ಮದ ಕೆಳಗೆ ರಕ್ತ ಹೆಪ್ಪುಗಟ್ಟುತ್ತದೆ. ಗರಿ ಇರುವಾಗ ಅದು ಕಾಣದು, ಮಾಂಸ ಮಾಡುವಾಗ ತೊಡೆಯೂ ಎದೆಯೂ ನೀಲಿಗಟ್ಟಿರುತ್ತವೆ. ಕ್ರಿಸ್‌ಮಸ್‌ಗೆಂದೋ ಮದುವೆ ಔತಣಕ್ಕೆಂದೋ ನಿಮ್ಮಿಂದ ಹಕ್ಕಿ ಕೊಳ್ಳುವವರು ಎರಡನೇ ಸಲ ಬರುವುದಿಲ್ಲ.

ಕಾವು ಕೂತ ಹೇಂಟೆಯನ್ನು ಎತ್ತಬೇಕಾದರೆ ಮೊದಲು ರೆಕ್ಕೆಯಡಿ ಕೈಯಾಡಿಸಿ ನೋಡಿ. ಮೊಟ್ಟೆಯೊಂದು ಅಲ್ಲಿ ಸಿಕ್ಕಿಕೊಂಡಿರುತ್ತದೆ, ಎತ್ತಿದಾಗ ಜಾರಿ ಒಡೆಯುತ್ತದೆ. ಹಕ್ಕಿಯ ಗೂಡಿನಿಂದ ಮರಿಗಳನ್ನು ತೆಗೆದುಕೊಂಡು ಬಂದಿದ್ದ ಸಂಗಾತಿಗಳಿಗೆ, ತಾಯಿ ಹಕ್ಕಿಯ ಚಡಪಡಿಕೆಯನ್ನು ಕಂಡ ಪ್ರವಾದಿ(ಸ)ಯವರು ಮರಿಗಳನ್ನು ಹಿಂದಿರುಗಿಸಲು ಆಜ್ಞಾಪಿಸಿದ ಘಟನೆ ಅಬೂದಾವೂದ್‌ನಲ್ಲಿದೆ. ಮರಿಗಳನ್ನು ನೋಡಲೇಬೇಕಾದರೆ ತಾಯಿಯ ಎದುರಿಗೇ ನೋಡಿ, ಎರಡೂ ಕೈಯನ್ನು ಬೊಗಸೆ ಮಾಡಿ ಎತ್ತಿ, ಕೂಡಲೇ ಬಿಟ್ಟುಬಿಡಿ.

ಹಾಗೆಂದು ಹುಂಜದ ಮರಿಯನ್ನು ತೊಡೆಯ ಮೇಲಿಟ್ಟು ಮುದ್ದುಮಾಡಿ ಬೆಳೆಸಲೂ ಬೇಡಿ. ಮನುಷ್ಯರ ನಡುವೆಯೇ ಬೆಳೆದ ಹುಂಜ ದೊಡ್ಡದಾದ ಮೇಲೆ ಮನುಷ್ಯರನ್ನೇ ತನ್ನ ಎದುರಾಳಿ ಹುಂಜವೆಂದು ತಿಳಿದು ಮೇಲೆ ಬೀಳುತ್ತದೆ. ಅಂಗಳ ಗುಡಿಸುವ ಹೆಂಗಸರ, ಪುಟ್ಟ ಮಕ್ಕಳ ಬೆನ್ನಿಗೇ ಮೊದಲು ಬರುತ್ತದೆ. ತಲೆ ಕೆಂಪೇರಿ, ಬಾಲ ಬೀಸಣಿಗೆಯಾಗಿ, ರೆಕ್ಕೆಯ ತುದಿ ನೆಲಕ್ಕೆ ಉಜ್ಜುತ್ತಾ ಬಂದರೆ ಬೆನ್ನು ತಿರುಗಿಸಿ ಓಡಬೇಡಿ. ಕೈಯಲ್ಲಿರುವ ಹಿಡಿಸೂಡಿಯನ್ನು ಅಡ್ಡ ಹಿಡಿದು ಅದನ್ನೇ ಹಿಂದೆ ಸರಿಸುತ್ತಾ ಮುಂದೆ ನಡೆಯಿರಿ.

ಹಾರಿಹೋಗುವ ಕಾಟ ಹೆಚ್ಚಾದರೆ ಒಂದು ರೆಕ್ಕೆಯ ತುದಿಯ ಉದ್ದ ಗರಿಗಳನ್ನು ಕತ್ತರಿಯಿಂದ ಮೊಟಕು ಮಾಡಬಹುದು. ಉಗುರು ಕತ್ತರಿಸಿದಂತೆ, ನೋವಾಗದು. ಒಂದೇ ರೆಕ್ಕೆ ಸಾಕು, ಹಾರುವಾಗ ಅದು ತೂಕ ತಪ್ಪುತ್ತದೆ. ಬುಡದಲ್ಲಿ ರಕ್ತ ತುಂಬಿಕೊಂಡು ಕಪ್ಪಾಗಿ ಕಾಣುವ ಹೊಸ ಗರಿಗಳನ್ನು ಮಾತ್ರ ಮುಟ್ಟಬೇಡಿ. ಗರಿ ಉದುರಿ ಹೊಸದು ಬಂದ ಮೇಲೆ ಮತ್ತೆ ಕತ್ತರಿಸಬೇಕಾಗುತ್ತದೆ. ನಾಯಿ, ಕಾಡುಬೆಕ್ಕಿನ ಕಾಟವಿರುವ ಕಡೆ ಇದು ಸಲ್ಲದು. ಹಾರಲಾರದ ಹಕ್ಕಿಗೆ ತಪ್ಪಿಸಿಕೊಳ್ಳಲು ಬೇರೇನಿದೆ?

ಸಾಗಿಸುವಾಗ

ನಾಲ್ಕೂ ಪಕ್ಕ ತೂತು ಕೊರೆದ ದೊಡ್ಡ ರಟ್ಟಿನ ಪೆಟ್ಟಿಗೆ, ಅಡಿಯಲ್ಲಿ ಒಣಹುಲ್ಲು. ಒಂದು ಪೆಟ್ಟಿಗೆಗೆ ಒಂದೇ ಹಕ್ಕಿ. ಅದು ಕುಳಿತುಕೊಳ್ಳುವಷ್ಟು ಎತ್ತರವಿದ್ದರೆ ಸಾಕು, ರೆಕ್ಕೆ ಬಡಿಯುವಷ್ಟು ಜಾಗ ಬೇಡ. ಗೋಣಿಯಲ್ಲಿ ಕಟ್ಟಿ ಆಟೋದ ಹಿಂಬದಿಗೆ ಎಸೆಯುವುದು ಬೇಡ. ನೋವಾಗುವ ರೀತಿಯಲ್ಲಿ ಪ್ರಾಣಿಗಳನ್ನು ಸಾಗಿಸುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧವೂ ಹೌದು. ಬೆಳಗಿನ ತಂಪಿನಲ್ಲೇ ಹೊರಡಿ. ಕೊಂಡು ತಂದ ಟರ್ಕಿಯನ್ನು ಊರ ಕೋಳಿಗಳ ಜೊತೆ ಬಿಡಬೇಡಿ. ಕೋಳಿಗಳಿಗೆ ಅಷ್ಟೇನೂ ಬಾಧಿಸದ ಒಂದು ರೋಗಾಣು ಕೋಳಿಯ ಕರುಳಿನ ಹುಳದ ಮೊಟ್ಟೆಗಳ ಮೂಲಕ ಮಣ್ಣಿಗೆ ಸೇರಿ, ಟರ್ಕಿಯ ಪಿತ್ತಜನಕಾಂಗವನ್ನು ಕೆಡಿಸಿ ಸಾಯಿಸಿಬಿಡುತ್ತದೆ. ಹಕ್ಕಿ ಮುಟ್ಟಿದ ಮೇಲೆ ಸೋಪು ಹಚ್ಚಿ ಕೈ ತೊಳೆಯುವುದನ್ನು ಮರೆಯದಿರಿ. 2006ರಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ ಕಾಣಿಸಿಕೊಂಡ ಹಕ್ಕಿಜ್ವರ ಆಮೇಲೆ ನಮ್ಮ ದೇಶದಲ್ಲಿ ಹಲವು ಸಲ ಮರುಕಳಿಸಿದೆ. ಹಕ್ಕಿಗಳು ಒಂದರ ಹಿಂದೊಂದು ಕಾರಣವಿಲ್ಲದೆ ಸತ್ತರೆ ಬರಿಗೈಯಲ್ಲಿ ಮುಟ್ಟದೆ ಪಶು ಆಸ್ಪತ್ರೆಗೆ ತಿಳಿಸಿ.

ಝಬಹ್‌ನ ಮುಂಜಾನೆ

ಹಿಂದಿನ ರಾತ್ರಿಯೇ ಹಿಡಿದು ಪೆಟ್ಟಿಗೆಯಲ್ಲೋ ಬೇರೆ ಗೂಡಿನಲ್ಲೋ ಇಟ್ಟಿದ್ದೀರಿ. ಕಾಳು ಕೊಟ್ಟಿಲ್ಲ, ನೀರು ಇಟ್ಟಿದ್ದೀರಿ. ಎಂಟರಿಂದ ಹನ್ನೆರಡು ಗಂಟೆ ಕಾಳಿಲ್ಲದಿದ್ದರೆ ಕರುಳು ಖಾಲಿಯಾಗಿ ಮಾಂಸ ಶುಚಿಯಾಗಿರುತ್ತದೆ. ನೀರನ್ನು ಮಾತ್ರ ತಡೆಯಬಾರದು.

ಎಲ್ಲದರಲ್ಲೂ ಒಳಿತಿನ ರೀತಿಯನ್ನು ಅಲ್ಲಾಹನು ವಿಧಿಸಿದ್ದಾನೆಂದೂ, ಝಬಹ್ ಮಾಡುವಾಗ ಚೂರಿಯನ್ನು ಹರಿತಗೊಳಿಸಿ ಪ್ರಾಣಿಗೆ ನೆಮ್ಮದಿ ಕೊಡಬೇಕೆಂದೂ ಪ್ರವಾದಿ(ಸ) ಕಲಿಸಿದ್ದನ್ನು ಶದ್ದಾದ್ ಬಿನ್ ಔಸ್(ರ) ವರದಿ ಮಾಡಿದ್ದಾರೆ. ಇದು ಮುಸ್ಲಿಮ್‌ನಲ್ಲಿದೆ. ಪ್ರಾಣಿಯನ್ನು ಮಲಗಿಸಿ ಅದರ ಕಣ್ಣೆದುರೇ ಚೂರಿ ಮಸೆಯುತ್ತಿದ್ದವನಿಗೆ, ಅದನ್ನು ಎರಡೆರಡು ಸಲ ಸಾಯಿಸಬೇಕೆಂದಿರುವೆಯಾ ಎಂಬರ್ಥದಲ್ಲಿ ಪ್ರವಾದಿ(ಸ) ಕೇಳಿದ ಹದೀಸೂ ಇದೆ. ಚೂರಿಯನ್ನು ಅಡುಗೆಮನೆಯಲ್ಲೇ ಮಸೆದು ಬಟ್ಟೆಯಲ್ಲಿ ಸುತ್ತಿ ತನ್ನಿ. ಉಳಿದ ಹಕ್ಕಿಗಳಿಗೆ ಕಾಣದ ಕಡೆ ಕೆಲಸ ನಡೆಯಲಿ. ಟರ್ಕಿಯ ಕೊರಳು ಉದ್ದ, ಚರ್ಮ ಸಡಿಲ. ಹಿಡಿದವರು ಅದೇ ಪಕ್ಕೆಯ ಹಿಡಿತದಿಂದಲೇ ನಿಧಾನವಾಗಿ ನೆಲಕ್ಕೆ ಒರಗಿಸಬೇಕು, ರೆಕ್ಕೆಗಳು ಬಿಚ್ಚದಂತೆ ಕೊನೆಯವರೆಗೂ ಹಿಡಿದಿರಬೇಕು. ಅರ್ಧದಲ್ಲಿ ಕೈ ಬಿಟ್ಟರೆ ಆ ರೆಕ್ಕೆಯ ಬಲ ಚೂರಿ ಹಿಡಿದವರ ಕೈಗೇ ತಾಗುತ್ತದೆ. ಚಲನೆ ಪೂರ್ತಿ ನಿಂತು ಜೀವ ಹೋದದ್ದು ಖಚಿತವಾಗುವವರೆಗೆ ಬಿಸಿನೀರಿಗೆ ಹಾಕುವುದು, ಗರಿ ಕೀಳುವುದು ಸಲ್ಲದು.

ಗಂಡಸರು ಮನೆಯಲ್ಲಿಲ್ಲವೆಂದು ಹಿಡಿದ ಹಕ್ಕಿಯನ್ನು ಕಾಲು ಕಟ್ಟಿ ಮಧ್ಯಾಹ್ನದವರೆಗೆ ಬಿಸಿಲಲ್ಲಿ ಬಿಟ್ಟು ಮಸೀದಿಯಿಂದ ಯಾರಾದರೂ ಬರಲೆಂದು ಕಾಯುವ ಮನೆಗಳಿವೆ. ಇದರ ಅಗತ್ಯವಿಲ್ಲ. ಮದೀನಾದ ಸಲ್ಅ್ ಬೆಟ್ಟದ ಬಳಿ ಕಅಬ್ ಬಿನ್ ಮಾಲಿಕ್(ರ)ರ ಕುರಿಗಳನ್ನು ಮೇಯಿಸುತ್ತಿದ್ದ ದಾಸಿಯೊಬ್ಬಳು, ಕುರಿಯೊಂದು ಸಾಯುವ ಸ್ಥಿತಿಯಲ್ಲಿದ್ದುದನ್ನು ಕಂಡು ಕಲ್ಲೊಂದನ್ನು ಒಡೆದು ಅದರ ಹರಿತವಾದ ಅಂಚಿನಿಂದ ಝಬಹ್ ಮಾಡಿದಳು. ಅದನ್ನು ತಿನ್ನಬಹುದೇ ಎಂದು ಕೇಳಿದಾಗ ಪ್ರವಾದಿ(ಸ) ತಿನ್ನಲು ಅನುಮತಿಸಿದರು. ಬುಖಾರಿಯಲ್ಲಿರುವ ಈ ಹದೀಸಿನ ಆಧಾರದಲ್ಲೇ ಸ್ತ್ರೀಯರು ಝಬಹ್ ಮಾಡಬಹುದೆಂದು ವಿದ್ವಾಂಸರು ಹೇಳಿದ್ದಾರೆ. ನಿಮಗೆ ಕೈ ಬಾರದಿದ್ದರೆ ಬೇರೆ ಮಾತು. ಆಗ ಮಾಡುವವರು ಬಂದ ಮೇಲೆಯೇ ಪೆಟ್ಟಿಗೆ ತೆರೆಯಿರಿ.

ಕೆಲಸ ಮುಗಿದ ಜಾಗಕ್ಕೆ ನೀರು ಹೊಯ್ದು ಒಂದಿಷ್ಟು ಬೂದಿ ಎರಚಿ, ಗರಿ ಮತ್ತು ಕರುಳನ್ನು ನಾಯಿ ಅಗೆಯದಷ್ಟು ಆಳಕ್ಕೆ ತೆಂಗಿನ ಬುಡದಲ್ಲಿ ಹೂತುಬಿಡಿ. ಗೂಡಿನಲ್ಲಿ ಉಳಿದ ಹಕ್ಕಿಗಳು ಅಂದು ಸ್ವಲ್ಪ ಗಡಿಬಿಡಿಯಲ್ಲಿರುತ್ತವೆ. ದೊಡ್ಡ ಹುಂಜ ಹೋದ ಮೇಲೆ ಅದರ ಜಾಗಕ್ಕೆ ಎಳೆಯ ಹುಂಜಗಳ ಜಗಳ ಎರಡು ಮೂರು ದಿನ ನಡೆಯುತ್ತದೆ. ಸಂಜೆ ಅದೇ ಹೊತ್ತಿಗೆ ಅದೇ ಪಾತ್ರೆ ಬಡಿದು ಕರೆದು ಕಾಳು ಹಾಕಿ. ಆ ದಿನ ಮಾತ್ರ ಯಾವುದನ್ನೂ ಮುಟ್ಟಬೇಡಿ.